ಮನೆಯಲ್ಲೇ ಪಲ್ಸ್ ಮೋಟಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಪಲ್ಸ್ ಮೋಟಾರ್ ಎಂದರೇನು?

ಚಕ್ರವೊಂದರ ಅಂಚಿನಲ್ಲಿ ಕೆಲವು ಆಯಸ್ಕಾಂತಗಳು. ಪಕ್ಕದಲ್ಲಿ ಅಲುಗದೆ ಕುಳಿತ ತಾಮ್ರದ ತಂತಿಯ ಸುರುಳಿ. ಆಯಸ್ಕಾಂತ ಸುರುಳಿಯ ಮುಂದೆ ಹಾದುಹೋಗುವ ಹೊತ್ತಿಗೆ ಸರಿಯಾಗಿ ಸುರುಳಿಯಲ್ಲಿ ಒಂದು ಕ್ಷಣ ವಿದ್ಯುತ್ ಹರಿದು, ಆಯಸ್ಕಾಂತವನ್ನು ಮುಂದಕ್ಕೆ ತಳ್ಳಿ, ಒಡನೆ ನಿಲ್ಲುತ್ತದೆ. ಮುಂದಿನ ಆಯಸ್ಕಾಂತ ಬರುವ ತನಕ ಚಕ್ರ ತನ್ನ ವೇಗದಿಂದಲೇ ಸುತ್ತುತ್ತದೆ. ಹೀಗೆ ಬಿಟ್ಟು ಬಿಟ್ಟು ಸಿಗುವ ವಿದ್ಯುತ್ತಿನ ಮಿಡಿತದಿಂದ ಓಡುವ ಯಂತ್ರವೇ ಪಲ್ಸ್ ಮೋಟಾರ್.

ಜೋಕಾಲಿ ತೂಗುವವರು ಅದು ತಮ್ಮಿಂದ ದೂರ ಸರಿಯತೊಡಗಿದಾಗ ಮಾತ್ರ ಕೈಹಚ್ಚುತ್ತಾರೆ. ಎದುರಿಗೆ ಬರುತ್ತಿರುವಾಗ ಅಷ್ಟೇ ಬಲದಿಂದ ತಳ್ಳಿದರೆ ಜೋಕಾಲಿ ನಿಲ್ಲುತ್ತದೆ. ಈ ಮೋಟಾರಿನಲ್ಲೂ ಬಲಕ್ಕಿಂತ ಸಮಯ ದೊಡ್ಡದು. ವಿದ್ಯುತ್ ಯಾವಾಗ ಶುರುವಾಗಬೇಕು, ಅದಕ್ಕಿಂತ ಹೆಚ್ಚಾಗಿ ಯಾವಾಗ ನಿಲ್ಲಬೇಕು ಎಂಬುದನ್ನು ಗಮನಿಸುತ್ತಾ ಹೋದರೆ ಕೆಳಗಿನ ಬಹುಪಾಲು ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಲ್ಲಿರಿ.

ಆಟಿಕೆಯ ಕಾರಿನಲ್ಲಿರುವ ಮೋಟಾರಿಗೂ ಇದಕ್ಕೂ ಏನು ವ್ಯತ್ಯಾಸ?

ಅಲ್ಲಿ ಆಯಸ್ಕಾಂತ ಹೊರಗೆ ಸ್ಥಿರವಾಗಿರುತ್ತದೆ, ಸುರುಳಿಗಳು ಒಳಗೆ ತಿರುಗುತ್ತವೆ. ಬ್ರಷ್ (ಉಜ್ಜುತ್ತಾ ವಿದ್ಯುತ್ ಮುಟ್ಟಿಸುವ ತುಂಡು) ಮತ್ತು ಕಾಮ್ಯುಟೇಟರ್ (ಅಚ್ಚಿನ ಮೇಲಿನ ಸೀಳಿದ ಉಂಗುರ) ಸೇರಿ ವಿದ್ಯುತ್ತಿನ ದಿಕ್ಕನ್ನು ಬದಲಿಸುತ್ತಲೇ ಇರುತ್ತವೆ. ಪಲ್ಸ್ ಮೋಟಾರಿನಲ್ಲಿ ದಿಕ್ಕು ಬದಲಾಗುವುದಿಲ್ಲ. ವಿದ್ಯುತ್ ಇರುತ್ತದೆ ಅಥವಾ ಇರುವುದಿಲ್ಲ, ಅಷ್ಟೇ. ಇದರಿಂದ ಶಕ್ತಿ ಕಡಿಮೆಯಾದರೂ ತಯಾರಿಕೆ ಬಹಳ ಸುಲಭವಾಗುತ್ತದೆ.

ಇದೇ ತತ್ವದ ಹತ್ತಿರದ ನೆಂಟರು ನಿಮ್ಮ ಮನೆಯಲ್ಲೇ ಇದ್ದಾರೆ. ಗೋಡೆ ಗಡಿಯಾರದ ಒಳಗಿನ ಪುಟ್ಟ ಸುರುಳಿಗೆ ಸೆಕೆಂಡಿಗೊಂದು ಮಿಡಿತ ಸಿಗುತ್ತದೆ, ಪ್ರತಿ ಮಿಡಿತಕ್ಕೂ ಚಿಕ್ಕ ಆಯಸ್ಕಾಂತವೊಂದು ಅರ್ಧ ಸುತ್ತು ತಿರುಗುತ್ತದೆ. ಕಂಪ್ಯೂಟರಿನ ಫ್ಯಾನಿನಲ್ಲಿ ಆಯಸ್ಕಾಂತ ಎಲ್ಲಿದೆ ಎಂಬುದನ್ನು ಹಾಲ್ ಸೆನ್ಸರ್ ಕಂಡುಹಿಡಿದು ಸುರುಳಿಗಳಿಗೆ ಸಮಯಕ್ಕೆ ಸರಿಯಾಗಿ ವಿದ್ಯುತ್ ಕೊಡಿಸುತ್ತದೆ.

ಇದರ ಹಿಂದಿನ ವಿಜ್ಞಾನ ಎಷ್ಟು ಹಳೆಯದು?

ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ತೋರಿಸಿದರು. ಮರುವರ್ಷವೇ ಮೈಕೆಲ್ ಫ್ಯಾರಡೆ ತಂತಿಯೊಂದು ಆಯಸ್ಕಾಂತದ ಸುತ್ತ ನಿರಂತರ ತಿರುಗುವಂತೆ ಮಾಡಿದರು. 1831ರಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ಮಾಡಿದ ಯಂತ್ರ ತಿರುಗುತ್ತಿರಲಿಲ್ಲ, ತಕ್ಕಡಿಯ ದಂಡದ ಹಾಗೆ ಮೇಲೆ ಕೆಳಗೆ ತೂಗುತ್ತಿತ್ತು. ಆದರೆ ತನ್ನ ಚಲನೆಯಿಂದಲೇ ತನ್ನ ವಿದ್ಯುತ್ ಸಂಪರ್ಕವನ್ನು ಕೂಡಿಸಿ ಬಿಡಿಸಿಕೊಳ್ಳುತ್ತಿತ್ತು. ನೀವು ಮೇಜಿನ ಮೇಲೆ ಮಾಡಲಿರುವುದರ ಜೀವಾಳವೂ ಅದೇ. ನಮ್ಮ ಕೈಗೆ ಸಿಗುವ ಸಲಕರಣೆಗಳಲ್ಲಿ ಹಾಲ್ ಸೆನ್ಸರಿನ ಹಿಂದಿರುವ ಹಾಲ್ ಪರಿಣಾಮ 1879ರದು, ಆಯಸ್ಕಾಂತದಿಂದ ಕೂಡುವ ರೀಡ್ ಸ್ವಿಚ್ 1936ರದು, ಸಣ್ಣ ವಿದ್ಯುತ್ತಿನಿಂದ ದೊಡ್ಡದನ್ನು ನಿಯಂತ್ರಿಸುವ ಟ್ರಾನ್ಸಿಸ್ಟರ್ 1947ರದು.

ಮೊದಲ ಬಾರಿ ಮಾಡುವವರು ಯಾವುದರಿಂದ ಶುರು ಮಾಡಬೇಕು?

ಪಿನ್ನು ಮತ್ತು ಸೆಲ್ಲಿನ ಮೋಟಾರಿನಿಂದ. ಇದರಲ್ಲಿ ಆಯಸ್ಕಾಂತ ಸ್ಥಿರ, ಸುರುಳಿಯೇ ತಿರುಗುತ್ತದೆ; ಆದರೂ ವಿದ್ಯುತ್ ಬಿಟ್ಟು ಬಿಟ್ಟು ಹರಿಯುವ ತತ್ವ ಅದೇ. ಬೇಕಾಗುವುದು ಒಂದು 1.5 ವೋಲ್ಟಿನ ಸೆಲ್, ಎರಡು ಸೇಫ್ಟಿ ಪಿನ್, ಒಂದು ರಬ್ಬರ್ ಬ್ಯಾಂಡ್, ಒಂದು ಚಿಕ್ಕ ಆಯಸ್ಕಾಂತ ಮತ್ತು ಎನಾಮೆಲ್ ಲೇಪನವಿರುವ ತಾಮ್ರದ ತಂತಿ.

ತಂತಿಯನ್ನು ಎರಡೂವರೆ ಸೆಂಟಿಮೀಟರ್ ಅಗಲದ ಕೊಳವೆಯ ಮೇಲೆ ಹದಿನೈದು ಇಪ್ಪತ್ತು ಸುತ್ತು ಸುತ್ತಿ. ಎರಡೂ ತುದಿಗಳನ್ನು ನಾಲ್ಕೈದು ಸೆಂಟಿಮೀಟರ್ ಹೊರಗೆ ಬಿಟ್ಟು, ಸುರುಳಿಯ ಎದುರುಬದುರಿನಿಂದ ನೇರವಾಗಿ ಚಾಚುವಂತೆ ಕಟ್ಟಿ. ಈ ತುದಿಗಳೇ ಅಚ್ಚು. ಪಿನ್ನುಗಳನ್ನು ಸೆಲ್ಲಿನ ಎರಡು ತುದಿಗಳಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಅವುಗಳ ಕಣ್ಣಿನಲ್ಲಿ ಅಚ್ಚನ್ನು ಕೂರಿಸಿ. ಆಯಸ್ಕಾಂತ ಸೆಲ್ಲಿನ ಬೆನ್ನ ಮೇಲೆ, ಸುರುಳಿಯ ಕೆಳಗೆ ಇರಲಿ. ಒಂದು ತುದಿಯ ಲೇಪನವನ್ನು ಸುತ್ತಲೂ ಪೂರ್ತಿ ಕೆರೆಯಿರಿ. ಇನ್ನೊಂದು ತುದಿಯನ್ನು ಕೆರೆಯುವಾಗ ಸುರುಳಿಯನ್ನು ಬಿಲ್ಲೆ ನಿಲ್ಲಿಸಿದ ಹಾಗೆ ಲಂಬವಾಗಿ ಹಿಡಿದು, ತಂತಿಯ ಮೇಲ್ಭಾಗದ ಅರ್ಧವನ್ನು ಮಾತ್ರ ಕೆರೆಯಬೇಕು. ಮೆಲ್ಲಗೆ ಒಮ್ಮೆ ತಿರುಗಿಸಿ ಬಿಟ್ಟರೆ ಓಡುತ್ತದೆ.

ಒಂದು ತುದಿಯನ್ನು ಅರ್ಧ ಮಾತ್ರ ಕೆರೆಯುವುದು ಏಕೆ?

ಇಡೀ ಪುಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು, ಏಕೆಂದರೆ ಆ ಅರ್ಧ ಕೆರೆತವೇ ಈ ಮೋಟಾರಿನ ಸ್ವಿಚ್.

ವಿದ್ಯುತ್ ಹರಿದಾಗ ಸುರುಳಿ ತಾನೇ ಒಂದು ಆಯಸ್ಕಾಂತವಾಗುತ್ತದೆ. ಅದರ ಒಂದು ಮುಖ ಉತ್ತರ, ಇನ್ನೊಂದು ದಕ್ಷಿಣ. ಕೆಳಗಿನ ಆಯಸ್ಕಾಂತ ತನಗೆ ವಿರುದ್ಧವಾದ ಮುಖವನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಸುರುಳಿ ಅತ್ತ ಹೊರಳುತ್ತದೆ. ಆ ಮುಖ ಪೂರ್ತಿ ಕೆಳಗೆ ಬಂದಮೇಲೂ ವಿದ್ಯುತ್ ಹರಿಯುತ್ತಲೇ ಇದ್ದರೆ ಸುರುಳಿ ಅಲ್ಲೇ ಕಚ್ಚಿಕೊಂಡು ಸ್ವಲ್ಪ ಹೊಯ್ದಾಡಿ ನಿಲ್ಲುತ್ತದೆ. ಎರಡೂ ತುದಿಗಳನ್ನು ಪೂರ್ತಿ ಕೆರೆದವರು ನೋಡುವುದು ಇದನ್ನೇ. ಆ ಗಳಿಗೆಯಲ್ಲಿ ವಿದ್ಯುತ್ ನಿಂತುಬಿಟ್ಟರೆ ಸುರುಳಿ ತನ್ನ ವೇಗದಿಂದ ಉಳಿದರ್ಧ ಸುತ್ತನ್ನು ದಾಟಿ ಮತ್ತೆ ಎಳೆತಕ್ಕೆ ಸಿಗುತ್ತದೆ.

ಲಂಬವಾಗಿ ಹಿಡಿದು ಕೆರೆಯಬೇಕೆನ್ನುವುದಕ್ಕೂ ಕಾರಣವಿದೆ. ಆಯಸ್ಕಾಂತ ನೇರ ಕೆಳಗಿರುವಾಗ ಸುರುಳಿ ಲಂಬವಾಗಿದ್ದಾಗ ತಿರುಚುವ ಬಲ ಗರಿಷ್ಠ, ಅಡ್ಡ ಮಲಗಿದಾಗ ಸೊನ್ನೆ. ಹಾಗಾಗಿ ಲಂಬ ಸ್ಥಿತಿಯ ಆಚೀಚೆ ಕಾಲು ಕಾಲು ಸುತ್ತಿನಲ್ಲಿ ಮಾತ್ರ ಸಂಪರ್ಕವಿರಬೇಕು. ಸುರುಳಿಯನ್ನು ಅಡ್ಡ ಮಲಗಿಸಿ ಕೆರೆದರೆ ಸಮಯ ಕಾಲು ಸುತ್ತು ತಪ್ಪುತ್ತದೆ. ಆಗ ಅರ್ಧ ಸಮಯದ ಎಳೆತ ಮುಂದಕ್ಕೆ, ಉಳಿದರ್ಧ ಸಮಯದ್ದು ಹಿಂದಕ್ಕೆ ಆಗಿ ಎರಡೂ ವಜಾ ಆಗುತ್ತವೆ.

ಸೆಲ್ ಬಿಸಿಯಾಗುತ್ತಿದೆ. ಇದು ಸಹಜವೇ?

ಸಹಜ, ಆದರೆ ಬಿಡಬಾರದು. 0.4 ಮಿ.ಮೀ. ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.14 ಓಮ್ ರೋಧ. ಎರಡೂವರೆ ಸೆಂಟಿಮೀಟರ್ ಅಗಲದ ಇಪ್ಪತ್ತು ಸುತ್ತಿಗೂ ಒಂದೂವರೆ ಮೀಟರಿನಷ್ಟು ತಂತಿ ಮಾತ್ರ ಹಿಡಿಯುತ್ತದೆ. ಅಂದರೆ ಸುರುಳಿ ನಿಂತುಬಿಟ್ಟಾಗ ಸೆಲ್ ಬಹುತೇಕ ಶಾರ್ಟ್ ಆದ ಹಾಗೆಯೇ. ಸುತ್ತುಗಳನ್ನು ಹೆಚ್ಚಿಸಿ, ತೆಳ್ಳನೆಯ ತಂತಿ ಬಳಸಿ, ಮೋಟಾರ್ ನಿಂತಾಗ ಸುರುಳಿಯನ್ನು ಎತ್ತಿಡಿ. ಮೊಬೈಲ್ ಅಥವಾ ಟಾರ್ಚಿನ ಲಿಥಿಯಂ ಬ್ಯಾಟರಿಯನ್ನು ಇದಕ್ಕೆ ಎಂದೂ ಬಳಸಬೇಡಿ. ಶಾರ್ಟ್ ಆದರೆ ಅದು ಬೆಂಕಿ ಹೊತ್ತಿಕೊಳ್ಳಬಹುದು.

ಚಕ್ರವಿರುವ ಮೋಟಾರಿಗೆ ಏನೇನು ಬೇಕು? ಎಲ್ಲಿಂದ ತೆಗೆಯಬಹುದು?

ಚಕ್ರಕ್ಕೆ ಹಳೆಯ ಸಿ.ಡಿ. ಸಾಕು. ಕೆಟ್ಟುಹೋದ ಹಾರ್ಡ್ ಡಿಸ್ಕ್ ಸಿಕ್ಕರೆ ಇನ್ನೂ ಒಳ್ಳೆಯದು: ಅದರ ತಟ್ಟೆ ಮತ್ತು ಅಚ್ಚು ಅತ್ಯಂತ ನಿಖರವಾಗಿ ಸಮತೂಕದಲ್ಲಿರುತ್ತವೆ, ಜೊತೆಗೆ ಒಳಗೆ ಬಲವಾದ ಎರಡು ನಿಯೋಡಿಮಿಯಂ ಆಯಸ್ಕಾಂತಗಳೂ ಇರುತ್ತವೆ. ಅವು ವಕ್ರಾಕಾರವಾದ್ದರಿಂದ ಚಕ್ರಕ್ಕೆ ಅಂಟಿಸಲು ಅಷ್ಟು ಹೊಂದುವುದಿಲ್ಲ. ಅದಕ್ಕೆ ದುಂಡನೆಯ ಬಿಲ್ಲೆ ಆಯಸ್ಕಾಂತಗಳೇ ಸರಿ.

ಬೇರಿಂಗಿಗೆ ಬೆರಳ ಮೇಲೆ ತಿರುಗಿಸುವ ಆಟಿಕೆ, ಸ್ಕೇಟ್ ಚಕ್ರಗಳಲ್ಲಿ ಸಿಗುವ 608 ಅಳತೆಯದು ಅನುಕೂಲ. ಒಳಗೆ 8, ಹೊರಗೆ 22, ದಪ್ಪ 7 ಮಿ.ಮೀ. ಸಿ.ಡಿ.ಯ ನಡುವಿನ ರಂಧ್ರ 15 ಮಿ.ಮೀ. ಆದ್ದರಿಂದ ಬೇರಿಂಗ್ ಅದರೊಳಗೆ ಕೂರದು. ಮೇಲೆ ನಡುಮಧ್ಯಕ್ಕೆ ಸರಿಯಾಗಿ ಅಂಟಿಸಬೇಕು. ಬೇರಿಂಗ್ ಇಲ್ಲದಿದ್ದರೂ ಚಿಂತೆಯಿಲ್ಲ. ಲಂಬವಾಗಿ ನಿಲ್ಲಿಸಿದ ಸೂಜಿಯ ಮೊನೆಯ ಮೇಲೆ ಸಣ್ಣ ಗಾಜಿನ ಗುಳಿಯನ್ನು ಇಟ್ಟು ಅದಕ್ಕೆ ಚಕ್ರವನ್ನು ಅಂಟಿಸಿದರೆ ಗ್ರೀಸ್ ತುಂಬಿದ ಬೇರಿಂಗಿಗಿಂತ ಹಗುರವಾಗಿ ತಿರುಗುತ್ತದೆ.

ತಂತಿಗೆ ಹಳೆಯ ಅಡಾಪ್ಟರಿನ ಟ್ರಾನ್ಸ್‌ಫಾರ್ಮರ್, ರಿಲೇ, ಫ್ಯಾನಿನ ಮೋಟಾರ್ ಬಿಚ್ಚಬಹುದು. ಮೈಕ್ರೋವೇವ್ ಒಲೆಯನ್ನು ಮಾತ್ರ ಬಿಚ್ಚಬೇಡಿ. ಅದರ ಕೆಪಾಸಿಟರಿನಲ್ಲಿ (ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಭಾಗ) ಪ್ಲಗ್ ತೆಗೆದ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಆಯಸ್ಕಾಂತಗಳನ್ನು ಹೇಗೆ ಅಂಟಿಸಬೇಕು?

ಎಲ್ಲವೂ ಒಂದೇ ಧ್ರುವ ಹೊರಮುಖವಾಗಿರಬೇಕು. ಉತ್ತರವೋ ದಕ್ಷಿಣವೋ ಮುಖ್ಯವಲ್ಲ, ಒಂದೇ ಆಗಿರುವುದು ಮುಖ್ಯ. ಆಯಸ್ಕಾಂತಗಳನ್ನೆಲ್ಲ ಒಂದರ ಮೇಲೊಂದು ಅಂಟಿಕೊಳ್ಳಲು ಬಿಟ್ಟು, ಮೇಲಿನಿಂದ ಒಂದೊಂದಾಗಿ ತೆಗೆಯುವಾಗ ಮೇಲ್ಮುಖಕ್ಕೆ ಪೆನ್ನಿನಿಂದ ಚುಕ್ಕೆ ಇಡಿ. ಚುಕ್ಕೆಯಿರುವ ಮುಖಗಳೆಲ್ಲ ಒಂದೇ ಧ್ರುವ.

ಸಂಖ್ಯೆ ನಾಲ್ಕಿರಲಿ, ಸಮ ಅಂತರದಲ್ಲಿರಲಿ. ಎರಡಾದರೂ ಓಡುತ್ತದೆ. ಎಂಟು ಹಾಕಿದರೆ ಮಿಡಿತಗಳ ನಡುವೆ ಬಿಡುವು ಸಿಗದೆ ಸಮಯ ಹೊಂದಿಸುವುದು ಕಷ್ಟ.

ಅಂಟನ್ನು ಮಾತ್ರ ನಂಬಬೇಡಿ. ಐದು ಗ್ರಾಂ ತೂಕದ ಆಯಸ್ಕಾಂತ ಐದು ಸೆಂಟಿಮೀಟರ್ ತ್ರಿಜ್ಯದಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಹೊರಕ್ಕೆ ಜಗ್ಗುವ ಬಲ ಆರು ನ್ಯೂಟನ್ನಿಗೂ ಹೆಚ್ಚು. ಆ ಐದು ಗ್ರಾಮಿನ ಮೇಲೆ ಆರುನೂರು ಗ್ರಾಂ ನೇತುಹಾಕಿದ ಹಾಗೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಎಪಾಕ್ಸಿ ಅಂಟು ಹಾಕಿ, ಒಣಗಿದ ಮೇಲೆ ಚಕ್ರದ ಅಂಚಿಗೆ ಬಲವಾದ ಟೇಪನ್ನು ಎರಡು ಮೂರು ಸುತ್ತು ಬಿಗಿಯಿರಿ. ಓಡಿಸುವಾಗ ಕಣ್ಣಿಗೆ ಕನ್ನಡಕ ಹಾಕಿ, ಮುಖವನ್ನು ಚಕ್ರದ ಅಂಚಿನ ನೇರಕ್ಕೆ ತರಬೇಡಿ.

ಸುರುಳಿಗೆ ಎಷ್ಟು ಸುತ್ತು ಹಾಕಬೇಕು? ಸುತ್ತು ಹೆಚ್ಚಿದಷ್ಟೂ ಬಲ ಹೆಚ್ಚಲ್ಲವೇ?

ಅಲ್ಲ. ಬಹುಪಾಲು ಜನ ಇಲ್ಲಿ ಎಡವುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಸುರುಳಿಯ ಕಾಂತಬಲ ಅದರಲ್ಲಿ ಹರಿಯುವ ಆಂಪಿಯರನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿದಷ್ಟು. ಅದೇ ತಂತಿಯಲ್ಲಿ ಸುತ್ತುಗಳನ್ನು ಇಮ್ಮಡಿ ಮಾಡಿದರೆ ತಂತಿಯ ಉದ್ದ ಇಮ್ಮಡಿ, ರೋಧ ಇಮ್ಮಡಿ, ಆದ್ದರಿಂದ ಅದೇ ಬ್ಯಾಟರಿಯಿಂದ ಹರಿಯುವ ವಿದ್ಯುತ್ ಅರ್ಧ. ಗುಣಲಬ್ಧ ಇದ್ದಲ್ಲೇ ಇರುತ್ತದೆ! ಸುತ್ತು ಹೆಚ್ಚಿಸಿದ್ದರಿಂದ ಸಿಗುವ ಲಾಭ ಬಲವಲ್ಲ, ಉಳಿತಾಯ: ಅಷ್ಟೇ ಬಲ, ಅರ್ಧ ವಿದ್ಯುತ್. ಬಲ ಬೇಕಿದ್ದರೆ ತಂತಿಯ ದಪ್ಪವನ್ನೋ ವೋಲ್ಟೇಜನ್ನೋ ಹೆಚ್ಚಿಸಬೇಕು, ಇಲ್ಲವೇ ಸುರುಳಿಯನ್ನು ಆಯಸ್ಕಾಂತಕ್ಕೆ ಇನ್ನಷ್ಟು ಹತ್ತಿರ ತರಬೇಕು. ಈ ಕೊನೆಯದು ಪುಕ್ಕಟೆ, ಮತ್ತು ಅದರಷ್ಟು ಪರಿಣಾಮಕಾರಿ ಮತ್ತೊಂದಿಲ್ಲ. ನಡುವಿನ ಅಂತರ ಎರಡು ಮೂರು ಮಿ.ಮೀ. ಇರುವಂತೆ ನೋಡಿಕೊಳ್ಳಿ.

ಆರಂಭಕ್ಕೆ 0.3 ಮಿ.ಮೀ. ತಂತಿಯನ್ನು ಸರಾಸರಿ ಎರಡೂವರೆ ಸೆಂಟಿಮೀಟರ್ ವ್ಯಾಸದಲ್ಲಿ 300 ಸುತ್ತು ಸುತ್ತಿ. ಸುಮಾರು 24 ಮೀಟರ್ ತಂತಿ ಬೇಕಾಗುತ್ತದೆ, ರೋಧ ಆರು ಓಮಿನ ಆಸುಪಾಸು ಬರುತ್ತದೆ. ಎರಡು ಸೆಲ್ಲಿನ 3 ವೋಲ್ಟಿಗೆ ಅರ್ಧ ಆಂಪಿಯರ್ ಹರಿಯುತ್ತದೆ.

ಸುರುಳಿಯ ಒಳಗೆ ಕಬ್ಬಿಣದ ಮೊಳೆ ಇಡಬೇಕೇ?

ಮೊದಲ ಮೋಟಾರಿಗೆ ಬೇಡ. ಮೊಳೆಯಿಂದ ಸುರುಳಿಯ ಬಲ ಹೆಚ್ಚುವುದು ನಿಜ, ಆದರೆ ವಿದ್ಯುತ್ ಇಲ್ಲದಿರುವಾಗಲೂ ಚಕ್ರದ ಆಯಸ್ಕಾಂತಗಳು ಮೊಳೆಯನ್ನು ಹಿಡಿದುಕೊಳ್ಳುತ್ತವೆ. ಚಕ್ರ ಜಗ್ಗಿ ಜಗ್ಗಿ ತಿರುಗುತ್ತದೆ, ಸಣ್ಣ ಮೋಟಾರಾದರೆ ನಿಂತೇಬಿಡುತ್ತದೆ. ಟೊಳ್ಳು ಸುರುಳಿಯಲ್ಲಿ ಆ ತೊಡಕಿಲ್ಲ.

ರೀಡ್ ಸ್ವಿಚ್ ಎಂದರೇನು? ಅದನ್ನು ಎಲ್ಲಿಡಬೇಕು?

ಪುಟ್ಟ ಗಾಜಿನ ಕೊಳವೆಯೊಳಗೆ ಒಂದನ್ನೊಂದು ತಾಗದ ಎರಡು ಕಬ್ಬಿಣದ ಪಟ್ಟಿಗಳು. ಆಯಸ್ಕಾಂತ ಹತ್ತಿರ ಬಂದರೆ ಪಟ್ಟಿಗಳು ಕೂಡಿಕೊಳ್ಳುತ್ತವೆ, ದೂರವಾದರೆ ಬಿಡುತ್ತವೆ. ಬಾಗಿಲು ತೆರೆದರೆ ಕೂಗುವ ಕಳ್ಳಗಂಟೆಗಳಲ್ಲಿ ಇದು ಇರುತ್ತದೆ. ಬ್ಯಾಟರಿ, ಸುರುಳಿ, ರೀಡ್ ಮೂರನ್ನೂ ಒಂದೇ ಸಾಲಿನಲ್ಲಿ ಜೋಡಿಸಿದರೆ ಸರ್ಕ್ಯೂಟ್ ಮುಗಿಯಿತು.

ರೀಡನ್ನು ಸುರುಳಿಯ ಪಕ್ಕದಲ್ಲೇ ಇಡಬೇಕೆಂದಿಲ್ಲ. ನಾಲ್ಕು ಆಯಸ್ಕಾಂತಗಳಿದ್ದರೆ ಚಕ್ರದ ಯಾವ ಬದಿಯಲ್ಲಾದರೂ ಅದೇ ಲಯದಲ್ಲಿ ಆಯಸ್ಕಾಂತ ಹಾಯುತ್ತದೆ. ಸುರುಳಿಯ ಎದುರು ಬದಿಯಲ್ಲಿ ಇಡುವುದೇ ಲೇಸು. ಹತ್ತಿರವಿದ್ದರೆ ಸುರುಳಿಯ ಕಾಂತಕ್ಷೇತ್ರವೇ ರೀಡನ್ನು ಹಿಡಿದಿಟ್ಟುಕೊಳ್ಳಬಹುದು. ರೀಡನ್ನು ರಟ್ಟಿನ ತುಂಡಿನ ಮೇಲೆ ಅಂಟಿಸಿ, ಆ ರಟ್ಟನ್ನು ಮಿಲಿಮೀಟರಿನಷ್ಟು ಅತ್ತಿತ್ತ ಸರಿಸಲು ಬರುವಂತೆ ಇಟ್ಟುಕೊಳ್ಳಿ. ಸಮಯ ಹೊಂದಿಸುವ ತಿರುಪು ಅದೇ.

ಸುರುಳಿ ಆಯಸ್ಕಾಂತವನ್ನು ದೂಡುವಂತೆ ಜೋಡಿಸಿದ್ದರೆ, ಆಯಸ್ಕಾಂತ ಸುರುಳಿಯ ನಡುಗೆರೆಯನ್ನು ದಾಟಿದ ಕೂಡಲೇ ರೀಡ್ ಕೂಡಬೇಕು. ಎಳೆಯುವಂತೆ ಜೋಡಿಸಿದ್ದರೆ ನಡುಗೆರೆಗೆ ಬರುವ ಮೊದಲೇ ಕೂಡಿ, ಗೆರೆಯನ್ನು ಮುಟ್ಟುವಷ್ಟರಲ್ಲಿ ಬಿಡಬೇಕು. ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ರೀಡಿನ ಕ್ಲಿಕ್ ಸದ್ದನ್ನು ಕೇಳಿಸಿಕೊಂಡರೆ ಅದು ಎಲ್ಲಿ ಕೂಡುತ್ತದೆ, ಎಲ್ಲಿ ಬಿಡುತ್ತದೆ ಎಂಬುದು ತಿಳಿಯುತ್ತದೆ. ರೀಡನ್ನು ಆಯಸ್ಕಾಂತ ಚಲಿಸುವ ದಿಕ್ಕಿಗೆ ಉದ್ದುದ್ದವಾಗಿ ಇಟ್ಟರೆ ಒಂದೇ ಆಯಸ್ಕಾಂತಕ್ಕೆ ಎರಡು ಸಲ ಕೂಡಬಹುದು. ಆದ್ದರಿಂದ ಚಕ್ರದ ಅಚ್ಚಿಗೆ ಸಮಾನಾಂತರವಾಗಿ, ಆಯಸ್ಕಾಂತ ಅದರ ಒಂದು ತುದಿಯ ಸಮೀಪ ಹಾಯುವಂತೆ ಇಡಿ.

ಕಾಲುಗಳನ್ನು ಬಗ್ಗಿಸುವಾಗ ಗಾಜಿನ ಬುಡವನ್ನು ಇಕ್ಕಳದಲ್ಲಿ ಹಿಡಿದು ಅದರಾಚೆ ಬಗ್ಗಿಸಿ. ನೇರ ಬಗ್ಗಿಸಿದರೆ ಗಾಜು ಒಡೆಯುತ್ತದೆ.

ರೀಡ್ ಸ್ವಿಚ್ ಸ್ವಲ್ಪ ಹೊತ್ತಿಗೇ ಕೂಡಿದ ಸ್ಥಿತಿಯಲ್ಲೇ ಅಂಟಿಕೊಂಡುಬಿಟ್ಟಿದೆ. ಏಕೆ?

ಕಿಡಿಯಿಂದ. ಸುರುಳಿ ತನ್ನಲ್ಲಿ ಹರಿಯುವ ವಿದ್ಯುತ್ ಹಠಾತ್ತನೆ ನಿಲ್ಲುವುದನ್ನು ಒಪ್ಪುವುದಿಲ್ಲ. ಸಂಪರ್ಕ ಕಡಿದಾಗ ಅದು ತನ್ನ ತುದಿಗಳಲ್ಲಿ ಭಾರಿ ವೋಲ್ಟೇಜನ್ನು ಎಬ್ಬಿಸಿ ವಿದ್ಯುತ್ತನ್ನು ಮುಂದೂಡಲು ನೋಡುತ್ತದೆ. ಬ್ಯಾಟರಿ ಆರೇ ವೋಲ್ಟಿನದಾದರೂ ಈ ನೆಗೆತ ನೂರನ್ನು ಮೀರಬಹುದು. ರೀಡಿನ ಪಟ್ಟಿಗಳ ನಡುವೆ ಕಿಡಿ ಹಾರಿ ಅವು ಬೆಸೆದುಕೊಳ್ಳುತ್ತವೆ. ಚಿಕ್ಕ ರೀಡ್‌ಗಳು ಸಾಮಾನ್ಯವಾಗಿ ತಾಳುವುದು ಅರ್ಧ ಆಂಪಿಯರ್ ಮಾತ್ರ.

ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡನ್ನು (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಉಲ್ಟಾ ಹಾಕಿ, ಅಂದರೆ ಬಿಳಿ ಪಟ್ಟೆಯಿರುವ ತುದಿ ಧನ ಬದಿಗೆ ಬರಲಿ. ನೆಗೆತ ಡಯೋಡಿನ ಮೂಲಕ ಸುತ್ತಿ ತಣ್ಣಗಾಗುತ್ತದೆ. ಇದಕ್ಕೊಂದು ಬೆಲೆಯಿದೆ: ಸುರುಳಿಯ ವಿದ್ಯುತ್ ತಟ್ಟನೆ ನಿಲ್ಲದೆ ಮೆಲ್ಲಗೆ ಇಳಿಯುತ್ತದೆ. ಎಳೆಯುವ ಜೋಡಣೆಯಲ್ಲಿ ಆ ಉಳಿಕೆ ವಿದ್ಯುತ್ ಆಯಸ್ಕಾಂತವನ್ನು ಹಿಂದಕ್ಕೆ ಜಗ್ಗುತ್ತದೆ. ಡಯೋಡ್ ಹಾಕಿದ ಮೇಲೆ ವೇಗ ಕಡಿಮೆಯಾದರೆ ರೀಡನ್ನು ಇನ್ನಷ್ಟು ಮುಂಚೆ ಬಿಡುವಂತೆ ಸರಿಸಿ.

ಟ್ರಾನ್ಸಿಸ್ಟರ್ ಹಾಕುವುದರಿಂದ ಏನು ಪ್ರಯೋಜನ? ಯಾವುದನ್ನು ಆರಿಸಬೇಕು?

ರೀಡಿನ ಹೊರೆ ಇಳಿಯುತ್ತದೆ. ಟ್ರಾನ್ಸಿಸ್ಟರಿಗೆ ಬೇಸ್, ಕಲೆಕ್ಟರ್, ಎಮಿಟರ್ ಎಂಬ ಮೂರು ಕಾಲುಗಳು. ರೀಡ್ ಅದರ ಬೇಸಿಗೆ ಕೆಲವು ಮಿಲಿಆಂಪಿಯರ್ ಕೊಟ್ಟರೆ ಸಾಕು, ಸುರುಳಿಯ ಪೂರ್ತಿ ವಿದ್ಯುತ್ತನ್ನು ಟ್ರಾನ್ಸಿಸ್ಟರ್ ಹೊರುತ್ತದೆ. ಸುರುಳಿಯ ಒಂದು ತುದಿ ಬ್ಯಾಟರಿಯ ಧನಕ್ಕೆ, ಇನ್ನೊಂದು ಕಲೆಕ್ಟರಿಗೆ, ಎಮಿಟರ್ ಋಣಕ್ಕೆ, ಧನದಿಂದ ರೀಡ್, ಅದರ ನಂತರ 220 ಓಮಿನ ರೆಸಿಸ್ಟರ್, ಅಲ್ಲಿಂದ ಬೇಸಿಗೆ. ಇದು ಆರು ವೋಲ್ಟಿನ ಲೆಕ್ಕ.

ಕೈಗೆ ಸಿಕ್ಕ ಬಿ.ಸಿ.547 (BC547) ಟ್ರಾನ್ಸಿಸ್ಟರ್ ಹಾಕಬೇಡಿ. ಅದರ ಮಿತಿ 100 ಮಿಲಿಆಂಪಿಯರ್, ನಮ್ಮ ಸುರುಳಿಗೆ ಅದರ ಹತ್ತರಷ್ಟು ಬೇಕಾಗಬಹುದು. ಟಿಐಪಿ31 ಮೂರು ಆಂಪಿಯರ್ ತಾಳುತ್ತದೆ. ರೀಡಿನ ಬದಲು ಹಾಲ್ ಸೆನ್ಸರ್ ಬಳಸಿದರೆ ಸವೆಯುವ ಭಾಗವೇ ಇರುವುದಿಲ್ಲ, ಆದರೆ ಸಾಮಾನ್ಯವಾಗಿ ಸಿಗುವ ಸೆನ್ಸರುಗಳು ಒಂದು ಧ್ರುವಕ್ಕೆ ಮಾತ್ರ ಸ್ಪಂದಿಸುತ್ತವೆ. ಕೆಲಸ ಮಾಡದಿದ್ದರೆ ಸೆನ್ಸರಿನ ಮುಖ ತಿರುಗಿಸಿ ನೋಡಿ.

ರೀಡ್, ಸೆನ್ಸರ್ ಎರಡೂ ಇಲ್ಲದೆ ಎರಡು ತಂತಿಯ ಸುರುಳಿಯಿಂದ ಓಡುವ ಮೋಟಾರ್ ಹೇಗೆ ಕೆಲಸ ಮಾಡುತ್ತದೆ?

ಅಂತರ್ಜಾಲದಲ್ಲಿ ಅಮೆರಿಕದ ಜಾನ್ ಬೆದಿನಿಯವರ ಹೆಸರಿನಿಂದ ಹರಿದಾಡುವ ಸರ್ಕ್ಯೂಟ್ ಇದು. ಎರಡು ತಂತಿಗಳನ್ನು ಜೋಡಿಯಾಗಿ ಹಿಡಿದು ಒಟ್ಟಿಗೇ ಸುತ್ತುತ್ತಾರೆ. ಒಂದು ತಳ್ಳುವ ಸುರುಳಿ, ಇನ್ನೊಂದು ಸುಳಿವು ಕೊಡುವ ಸುರುಳಿ. ಆಯಸ್ಕಾಂತ ಹಾಯುವಾಗ ಸುಳಿವಿನ ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದು 0.6 ವೋಲ್ಟ್ ದಾಟಿದೊಡನೆ ಟ್ರಾನ್ಸಿಸ್ಟರ್ ತೆರೆದುಕೊಂಡು ತಳ್ಳುವ ಸುರುಳಿಗೆ ವಿದ್ಯುತ್ ಬಿಡುತ್ತದೆ. ಆಯಸ್ಕಾಂತವೇ ತನ್ನನ್ನು ಯಾವಾಗ ತಳ್ಳಬೇಕೆಂದು ಹೇಳುತ್ತದೆ. ಇಷ್ಟು ಚೆಂದದ ಉಪಾಯವನ್ನು ಒಮ್ಮೆಯಾದರೂ ಕೈಯಾರೆ ಮಾಡಿ ನೋಡಬೇಕು.

ಸುಳಿವಿನ ಸುರುಳಿಯ ಒಂದು ತುದಿ ಋಣಕ್ಕೆ, ಇನ್ನೊಂದು ತುದಿ 100ರಿಂದ 470 ಓಮಿನ ರೆಸಿಸ್ಟರ್ ಮೂಲಕ ಬೇಸಿಗೆ. ಬೇಸ್ ಮತ್ತು ಎಮಿಟರ್ ನಡುವೆ 1ಎನ್4148 ಡಯೋಡನ್ನು ಉಲ್ಟಾ ಹಾಕಿ, ಏಕೆಂದರೆ ಸುಳಿವಿನ ವೋಲ್ಟೇಜ್ ಪ್ರತಿ ಬಾರಿಯೂ ವಿರುದ್ಧ ದಿಕ್ಕಿಗೂ ಹೊರಳುತ್ತದೆ ಮತ್ತು ಇಂಥ ಟ್ರಾನ್ಸಿಸ್ಟರುಗಳ ಬೇಸ್ ಉಲ್ಟಾ ದಿಕ್ಕಿನಲ್ಲಿ ಐದಾರು ವೋಲ್ಟಿಗಿಂತ ಹೆಚ್ಚು ತಾಳದು. ಸುಳಿವಿಗೆ ಚಲನೆ ಬೇಕಾದ್ದರಿಂದ ಈ ಮೋಟಾರ್ ತಾನಾಗಿ ಹೊರಡುವುದಿಲ್ಲ, ಕೈಯಿಂದ ಜೋರಾಗಿ ತಿರುಗಿಸಿಬಿಡಬೇಕು. ಆದರೂ ಓಡದಿದ್ದರೆ ಸುಳಿವಿನ ಸುರುಳಿಯ ತುದಿಗಳನ್ನು ಅದಲುಬದಲು ಮಾಡಿ.

ಎಲ್ಲವೂ ಸರಿಯಿದೆ, ಆದರೂ ತಿರುಗುತ್ತಿಲ್ಲ.

ಮೊದಲು ತಂತಿಯ ತುದಿಗಳನ್ನು ನೋಡಿ. ಎನಾಮೆಲ್ ಲೇಪನ ತಾಮ್ರದ ಬಣ್ಣದ್ದೇ ಆದ್ದರಿಂದ ಕೆರೆದಂತೆ ಕಾಣುವ ತುದಿ ಎಷ್ಟೋ ಸಲ ಕೆರೆದಿರುವುದಿಲ್ಲ. ಮರಳು ಕಾಗದದಿಂದ ಗುಲಾಬಿ ಬಣ್ಣದ ಹೊಳಪು ಬರುವ ತನಕ ಉಜ್ಜಿ, ಮಲ್ಟಿಮೀಟರಿನಲ್ಲಿ ರೋಧ ಅಳೆಯಿರಿ. ಆರು ಓಮ್ ಬರಬೇಕಾದಲ್ಲಿ ಅನಂತ ತೋರಿಸಿದರೆ ದೋಷ ಸಿಕ್ಕಿತು.

ರೋಧ ಸರಿಯಿದ್ದರೆ ಸುರುಳಿಯನ್ನು ನೇರ ಬ್ಯಾಟರಿಗೆ ಒಂದು ಕ್ಷಣ ಮುಟ್ಟಿಸಿ ಚಕ್ರ ಅಲುಗುತ್ತದೆಯೇ ನೋಡಿ. ಅಲುಗಿದರೆ ಸುರುಳಿ, ಆಯಸ್ಕಾಂತ, ಬ್ಯಾಟರಿ ಎಲ್ಲ ಸರಿಯಿವೆ, ದೋಷ ಸಮಯದಲ್ಲಿದೆ. ಅಲುಗದಿದ್ದರೆ ಅಂತರ ಹೆಚ್ಚಿದೆ, ಇಲ್ಲವೇ ಬ್ಯಾಟರಿ ಸೋತಿದೆ. 9 ವೋಲ್ಟಿನ ಚೌಕ ಬ್ಯಾಟರಿಗೆ ಒಳರೋಧ ಹೆಚ್ಚು, ವೋಲ್ಟೇಜ್ ದೊಡ್ಡದಿದ್ದರೂ ವಿದ್ಯುತ್ ಕೊಡಲಾರದು. ನಾಲ್ಕು ಪೆನ್ಸಿಲ್ ಸೆಲ್ ಸಾಲಾಗಿ ಜೋಡಿಸಿದರೆ ಅದಕ್ಕಿಂತ ಎಷ್ಟೋ ಮೇಲು.

ಚಕ್ರ ಎಂಟು ಹತ್ತು ಸುತ್ತು ಓಡಿ ನಿಲ್ಲುತ್ತಿದ್ದರೆ ಬೇರಿಂಗನ್ನು ಶಂಕಿಸಿ. ವಿದ್ಯುತ್ ಇಲ್ಲದೆ ಕೈಯಿಂದ ತಿರುಗಿಸಿದಾಗ ಚಕ್ರ ಅರ್ಧ ನಿಮಿಷವಾದರೂ ಸುತ್ತಬೇಕು. ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ.

ವೇಗವನ್ನು ಅಳೆಯುವುದು ಹೇಗೆ?

ಆವರ್ತನ ಅಳೆಯುವ ಸೌಲಭ್ಯವಿರುವ ಮಲ್ಟಿಮೀಟರನ್ನು ಸುರುಳಿಗೆ ಜೋಡಿಸಿ. ಬಂದ ಸಂಖ್ಯೆಯನ್ನು 60ರಿಂದ ಗುಣಿಸಿ ಆಯಸ್ಕಾಂತಗಳ ಸಂಖ್ಯೆಯಿಂದ ಭಾಗಿಸಿದರೆ ನಿಮಿಷದ ಸುತ್ತು ಸಿಗುತ್ತದೆ. ನಾಲ್ಕು ಆಯಸ್ಕಾಂತ, 100 ಹರ್ಟ್ಸ್ ಎಂದರೆ 1500 ಸುತ್ತು. ಮೊಬೈಲಿನ ನಿಧಾನಗತಿಯ ವಿಡಿಯೋದಲ್ಲಿ ಎಣಿಸಿದರೂ ಆಗುತ್ತದೆ.

ಈ ಮೋಟಾರ್ ತಾನು ತೆಗೆದುಕೊಂಡದ್ದಕ್ಕಿಂತ ಹೆಚ್ಚು ವಿದ್ಯುತ್ ಕೊಡುತ್ತದೆ ಎಂದು ವಿಡಿಯೋಗಳಲ್ಲಿ ತೋರಿಸುತ್ತಾರೆ. ನಿಜವೇ?

ನಿಜವಲ್ಲ. ಯಾವ ಯಂತ್ರವೂ ಶಕ್ತಿಯನ್ನು ಶೂನ್ಯದಿಂದ ಹುಟ್ಟಿಸುವುದಿಲ್ಲ. ಎಂದೂ ನಿಲ್ಲದ ಯಂತ್ರಗಳ ಅರ್ಜಿಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ಫ್ರಾನ್ಸಿನ ವಿಜ್ಞಾನ ಅಕಾಡೆಮಿ 1775ರಲ್ಲೇ ತೀರ್ಮಾನಿಸಿತು. ಆದರೆ ಆ ವಿಡಿಯೋಗಳನ್ನು ಮಾಡುವವರೆಲ್ಲ ಮೋಸಗಾರರಲ್ಲ. ಅಳತೆ ಅವರನ್ನು ದಾರಿ ತಪ್ಪಿಸುತ್ತದೆ, ಮತ್ತು ಆ ತಪ್ಪು ಹೇಗಾಗುತ್ತದೆಂದು ತಿಳಿಯುವುದು ಮೋಟಾರ್ ಮಾಡುವಷ್ಟೇ ಸ್ವಾರಸ್ಯಕರ.

ಸಾಮಾನ್ಯ ಮಲ್ಟಿಮೀಟರ್ ಸ್ಥಿರವಾದ ವಿದ್ಯುತ್ತನ್ನು ಅಳೆಯಲು ಮಾಡಿದ್ದು. ಚೂಪಾದ ಮಿಡಿತಗಳನ್ನು ಎದುರಿಗಿಟ್ಟರೆ ಅದು ತೋರಿಸುವ ವೋಲ್ಟನ್ನು, ಅದು ತೋರಿಸುವ ಆಂಪಿಯರಿನಿಂದ ಗುಣಿಸಿ ಶಕ್ತಿ ಇಷ್ಟು ಎನ್ನಲಾಗದು. ಇನ್ನೊಂದು, ಬ್ಯಾಟರಿಯ ವೋಲ್ಟೇಜ್ ಅದರಲ್ಲಿ ಉಳಿದಿರುವ ಶಕ್ತಿಯ ಅಳತೆಯಲ್ಲ. ಹೊರೆ ತೆಗೆದೊಡನೆ ದಣಿದ ಬ್ಯಾಟರಿಯ ವೋಲ್ಟೇಜ್ ತಾನಾಗಿ ಏರುತ್ತದೆ. ಸುರುಳಿಯ ನೆಗೆತವನ್ನು ಇನ್ನೊಂದು ಬ್ಯಾಟರಿಗೆ ಹಾಯಿಸಿದಾಗ ಅದರ ವೋಲ್ಟೇಜೂ ಬೇಗ ಮೇಲೇರುತ್ತದೆ, ಆದರೆ ಬಲ್ಬು ಹಚ್ಚಿದರೆ ಅಷ್ಟೇ ಬೇಗ ಕುಸಿಯುತ್ತದೆ.

ಬ್ಯಾಟರಿಯ ಜಾಗದಲ್ಲಿ ಕೆಪಾಸಿಟರ್ ಇಟ್ಟು ನೋಡಿ. ಕೆಪಾಸಿಟರಿನಲ್ಲಿರುವ ಶಕ್ತಿ ಅದರ ಧಾರಕತೆಯ (ಫ್ಯಾರಡ್ ಲೆಕ್ಕದಲ್ಲಿ ಹೇಳುವ ಅದರ ಅಳತೆ) ಅರ್ಧವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದಷ್ಟು; ಅಲ್ಲಿ ಬಚ್ಚಿಡಲು ಏನೂ ಇಲ್ಲ. 10,000 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು 12 ವೋಲ್ಟಿಗೆ ತುಂಬಿದರೆ 0.72 ಜೂಲ್. ಮೋಟಾರ್ ಓಡಿ ಅದು 6 ವೋಲ್ಟಿಗೆ ಇಳಿದರೆ 0.54 ಜೂಲ್, ಅಂದರೆ ಮುಕ್ಕಾಲು ಪಾಲು ಖರ್ಚಾಯಿತು. ಅಷ್ಟರಲ್ಲಿ ನೆಗೆತವನ್ನು ಹಿಡಿದ 1,000 ಮೈಕ್ರೋಫ್ಯಾರಡಿನ ಇನ್ನೊಂದು ಕೆಪಾಸಿಟರ್ 15 ವೋಲ್ಟಿಗೆ ಏರಿದೆ ಎಂದುಕೊಳ್ಳಿ. ವೋಲ್ಟೇಜ್ ನೋಡಿದರೆ ಹನ್ನೆರಡು ಕೊಟ್ಟು ಹದಿನೈದು ಪಡೆದಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಅದರಲ್ಲಿರುವುದು 0.11 ಜೂಲ್, ಖರ್ಚಾದದ್ದರ ಐದನೆಯ ಒಂದು ಪಾಲು. ಉಳಿದದ್ದು ತಂತಿಯ ಬಿಸಿ, ಬೇರಿಂಗಿನ ಘರ್ಷಣೆ ಮತ್ತು ಚಕ್ರ ಸೀಳಿದ ಗಾಳಿಗೆ ಹೋಗಿದೆ. ಈ ಪರೀಕ್ಷೆಗೆ 63 ವೋಲ್ಟ್ ತಾಳುವ ಕೆಪಾಸಿಟರ್ ಬಳಸಿ, ಅದರ ವೋಲ್ಟೇಜ್ ಗಮನಿಸುತ್ತಿರಿ, ಮುಗಿದ ಮೇಲೆ ರೆಸಿಸ್ಟರ್ ಮೂಲಕ ಖಾಲಿ ಮಾಡಿ.

ಗೋಡೆಯ ಪ್ಲಗ್ಗಿಗೆ ನೇರ ಜೋಡಿಸಬಹುದೇ?

ಎಂದಿಗೂ ಇಲ್ಲ. ಈ ಪುಟದಲ್ಲಿರುವ ಎಲ್ಲವೂ 12 ವೋಲ್ಟಿನೊಳಗಿನ ಬ್ಯಾಟರಿಯ ಕೆಲಸ.

ಮಕ್ಕಳ ಜೊತೆ ಮಾಡುವಾಗ ಯಾವುದರ ಬಗ್ಗೆ ಎಚ್ಚರ ಬೇಕು?

ಎಲ್ಲಕ್ಕಿಂತ ಮೊದಲು ಚಿಕ್ಕ ಬಲವಾದ ಆಯಸ್ಕಾಂತಗಳು. ಮಗು ಎರಡನ್ನು ನುಂಗಿದರೆ ಅವು ಕರುಳಿನ ಬೇರೆ ಬೇರೆ ಮಡಿಕೆಗಳಿಂದ ಒಂದನ್ನೊಂದು ಸೆಳೆದು ಕರುಳನ್ನು ತೂತು ಮಾಡಬಲ್ಲವು. ನುಂಗಿರಬಹುದೆಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಆಯಸ್ಕಾಂತಗಳನ್ನು ಎಣಿಸಿ ತೆಗೆದು, ಎಣಿಸಿ ಇಡಿ. ಪೇಸ್‌ಮೇಕರ್ ಇರುವವರು ಅವುಗಳಿಂದ ದೂರವಿರಲಿ. ಮೋಟಾರ್ ಓಡುವಾಗ ಸುರುಳಿಯ ಎರಡೂ ತುದಿಗಳನ್ನು ಬರಿಗೈಯಲ್ಲಿ ಮುಟ್ಟಿದರೆ ನೆಗೆತದ ವೋಲ್ಟೇಜ್ ಜುಮ್ಮೆನ್ನಿಸುತ್ತದೆ.

ಏಳೆಂಟು ವರ್ಷದ ಮಕ್ಕಳಿಗೆ ಪಿನ್ನಿನ ಮೋಟಾರ್ ಸರಿಯಾದದ್ದು. ಲೇಪನ ಕೆರೆಯುವ ಕೆಲಸವನ್ನು ಅವರಿಗೇ ಬಿಡಿ, ಬ್ಲೇಡಿನ ಬದಲು ಮರಳು ಕಾಗದ ಕೊಡಿ. ತಿರುಗದಿದ್ದಾಗ ಕೂಡಲೇ ಸರಿಪಡಿಸಿಕೊಡಬೇಡಿ, ಏನು ತಪ್ಪಿರಬಹುದೆಂದು ಅವರನ್ನೇ ಕೇಳಿ.

ಮೋಟಾರ್ ಓಡಿತು. ಇದರಿಂದ ಏನಾದರೂ ಕೆಲಸ ತೆಗೆಯಬಹುದೇ? ಮುಂದೇನು ಮಾಡಲಿ?

ನೀರೆತ್ತುವ, ಫ್ಯಾನ್ ತಿರುಗಿಸುವ ಶಕ್ತಿ ಇದಕ್ಕಿಲ್ಲ. ಅದಕ್ಕೆ ಅಂಗಡಿಯ ಮೋಟಾರೇ ಬೇಕು. ಇದು ಪ್ರಶ್ನೆ ಕೇಳಲು ಇರುವ ಯಂತ್ರ, ಮತ್ತು ಕೇಳಬಹುದಾದ ಪ್ರಶ್ನೆಗಳಿಗೆ ಕೊರತೆಯಿಲ್ಲ.

ಬ್ಯಾಟರಿಗೆ ಅಮ್ಮೀಟರ್ ಸೇರಿಸಿ, ಓಡುತ್ತಿರುವ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಡೆಯಿರಿ. ವಿದ್ಯುತ್ ಏರುವುದು ಕಾಣುತ್ತದೆ, ಏಕೆಂದರೆ ಓಡುವ ಆಯಸ್ಕಾಂತಗಳು ಸುರುಳಿಯಲ್ಲಿ ಹುಟ್ಟಿಸುತ್ತಿದ್ದ ಎದುರು ವೋಲ್ಟೇಜ್ ಈಗ ಕಡಿಮೆಯಾಗಿದೆ. ಮೋಟಾರಿಗೆ ತಾನಾಗಿ ಒಂದು ವೇಗದ ಮಿತಿ ಬರುವುದಕ್ಕೂ ಅದೇ ಕಾರಣ. ಟೆಸ್ಟರಿನೊಳಗಿನ ಪುಟ್ಟ ನಿಯಾನ್ ದೀಪವನ್ನು ಡಯೋಡ್ ತೆಗೆದು ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಎಮಿಟರ್ ನಡುವೆ ಜೋಡಿಸಿ. ಹೊತ್ತಿಕೊಳ್ಳಲು 60ರಿಂದ 90 ವೋಲ್ಟ್ ಬೇಕಾದ ಆ ದೀಪ ಆರು ವೋಲ್ಟಿನ ಬ್ಯಾಟರಿಯಿಂದ ಕಿತ್ತಳೆ ಬಣ್ಣದಲ್ಲಿ ಮಿನುಗುತ್ತದೆ. ಈ ಪ್ರಯೋಗಕ್ಕೆ 100 ವೋಲ್ಟ್ ತಾಳುವ ಟಿಐಪಿ31ಸಿ ಇರಲಿ.

ಆಮೇಲೆ ಚಕ್ರದ ಇನ್ನೊಂದು ಬದಿಯಲ್ಲಿ ಎರಡನೆಯ ಸುರುಳಿಯನ್ನಿಟ್ಟು ಅದರ ತುದಿಗಳಿಗೆ ಒಂದು ಎಲ್‌ಇಡಿ ಜೋಡಿಸಿ. ಬ್ಯಾಟರಿಗೆ ಯಾವ ಸಂಬಂಧವೂ ಇಲ್ಲದ ದೀಪ ಬೆಳಗುತ್ತದೆ. ಎಲ್‌ಇಡಿ ಕಳಚಿ ಒಮ್ಮೆ ವೇಗ ಅಳೆಯಿರಿ, ಜೋಡಿಸಿ ಇನ್ನೊಮ್ಮೆ ಅಳೆಯಿರಿ, ಸುರುಳಿಯ ತುದಿಗಳನ್ನು ನೇರ ಶಾರ್ಟ್ ಮಾಡಿ ಮತ್ತೊಮ್ಮೆ ಅಳೆಯಿರಿ. ಮೂರು ಸಂಖ್ಯೆಗಳನ್ನೂ ಬರೆದಿಟ್ಟುಕೊಂಡು, ಆ ವ್ಯತ್ಯಾಸದಷ್ಟು ಶಕ್ತಿ ಎಲ್ಲಿಗೆ ಹೋಯಿತೆಂದು ಲೆಕ್ಕ ಹಾಕಲು ತೊಡಗಿ.